ಮೊದಲ ಹಾರಾಟ ಆರು ಸೆಕೆಂಡಿಗೆ ಮುಗಿಯಿತು: ಆರ್‌ಸಿ ವಿಮಾನ ಕಲಿಯುವುದನ್ನು ಎಲ್ಲಿಂದ ಶುರು ಮಾಡಬೇಕು?

ಆರ್‌ಆರ್‌ನಗರದ ಅಪ್ಪ

ಎಲ್ಲರಿಗೂ ನಮಸ್ಕಾರ. ನಾವು ರಾಜರಾಜೇಶ್ವರಿನಗರದಲ್ಲಿ ಇದ್ದೇವೆ. ಏಳನೇ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳಿಗೆ ವಿಮಾನವೆಂದರೆ ಪ್ರಾಣ. ಯಲಹಂಕದ ವೈಮಾನಿಕ ಪ್ರದರ್ಶನ ನೋಡಿ ಬಂದ ಮೇಲೆ, ರೇಡಿಯೊ ನಿಯಂತ್ರಿತ ವಿಮಾನ ಹಾರಿಸುವುದನ್ನು ಇಬ್ಬರೂ ಸೇರಿ ಕಲಿಯೋಣ ಎಂದು ತೀರ್ಮಾನಿಸಿದೆವು. ಎರಡನೆಯ ಮಹಾಯುದ್ಧದ ಫೈಟರ್ ಆಕಾರದ, ರೆಕ್ಕೆ ಕೆಳಗಿರುವ, 75 ಸೆಂ.ಮೀ. ರೆಕ್ಕೆಯಗಲದ ಫೋಮ್ ವಿಮಾನವೊಂದನ್ನು ಒಬ್ಬರಿಂದ ಸೆಕೆಂಡ್ ಹ್ಯಾಂಡ್ ಕೊಂಡೆ. ಅದಕ್ಕೆ ಚಕ್ರಗಳಿಲ್ಲ, ಕೈಯಿಂದ ಎಸೆಯಬೇಕು. ಬ್ಯಾಟರಿ ಇರಲಿಲ್ಲವಾದ್ದರಿಂದ ಒಂದು ಸಣ್ಣ ಬ್ಯಾಟರಿಯನ್ನು ಬೇರೆಯಾಗಿ ತಂದು ಕೂರಿಸಿದೆ.

ಕಳೆದ ಭಾನುವಾರ ಬೆಳಗ್ಗೆ ಮನೆಯ ಹತ್ತಿರದ ಖಾಲಿ ಬಯಲಿಗೆ ಹೋದೆವು. ನಾನು ರಿಮೋಟ್ ಹಿಡಿದಿದ್ದೆ, ಮಗಳು ಎಸೆದಳು. ಅವಳ ಕೈ ಬಿಟ್ಟ ಕೂಡಲೇ, ನಾನು ಏನನ್ನೂ ಮುಟ್ಟದಿದ್ದರೂ, ವಿಮಾನ ಮೂಗೆತ್ತಿ ನೇರ ಮೇಲಕ್ಕೆ ಹೋಯಿತು. ಅರ್ಧ ತೆಂಗಿನಮರದಷ್ಟು ಎತ್ತರದಲ್ಲಿ ಒಂದು ಕ್ಷಣ ನಿಂತಂತಾಗಿ, ಎಡರೆಕ್ಕೆ ಕುಸಿದು, ಗಿರಕಿ ಹೊಡೆಯುತ್ತಾ ಮೂಗಿನ ಮೇಲೆ ಬಿತ್ತು. ಮೊಬೈಲಿನಲ್ಲಿ ತೆಗೆದ ವಿಡಿಯೊ ನೋಡಿದರೆ ಎಲ್ಲ ಸೇರಿ ಆರು ಸೆಕೆಂಡು. ಪ್ರೊಪೆಲ್ಲರ್ ಮುರಿದಿದೆ, ಮೂಗು ಚಪ್ಪಟೆಯಾಗಿದೆ, ಮಗಳು ಎರಡು ದಿನ ಮಾತಾಡಲಿಲ್ಲ.

ನನ್ನಿಂದ ಏನು ತಪ್ಪಾಯಿತು? ಇದನ್ನೇ ರಿಪೇರಿ ಮಾಡಲೇ, ಬೇರೆ ತರಲೇ? ಬೆಂಗಳೂರಿನಲ್ಲಿ ಇದನ್ನು ಎಲ್ಲಿ, ಯಾವ ನಿಯಮದಡಿ ಹಾರಿಸಬಹುದು? ತಿಳಿದವರು ದಯವಿಟ್ಟು ಹೇಳಬೇಕು.

ಹಳೇ ಪ್ರೊಪೆಲ್ಲರ್

ಸರ್, ಬೇಸರ ಬೇಡ. "ಏನನ್ನೂ ಮುಟ್ಟದಿದ್ದರೂ ಮೂಗೆತ್ತಿತು" ಎಂದು ಬರೆದಿದ್ದೀರಲ್ಲ, ಅದರಲ್ಲೇ ಅರ್ಧ ಉತ್ತರ ಇದೆ. ಅದು ನಿಮ್ಮ ಕೈತಪ್ಪು ಅಲ್ಲ, ತೂಕದ ತಪ್ಪು ಎಂದು ನನ್ನ ಅನುಮಾನ. ಬ್ಯಾಟರಿಯನ್ನು ಹಾರಿಸುವಾಗ ಇದ್ದ ಜಾಗದಲ್ಲೇ ಕೂರಿಸಿ. ಲೋ ವಿಂಗ್ ಆದ್ದರಿಂದ ವಿಮಾನವನ್ನು ತಲೆಕೆಳಗು ಮಾಡಿ, ಬುಡದ ಹತ್ತಿರ ಎರಡೂ ರೆಕ್ಕೆಗಳ ಕೆಳಗೆ ಒಂದೊಂದು ಬೆರಳ ತುದಿ ಕೊಟ್ಟು ಎತ್ತಿ. ಯಾವ ಜಾಗದಲ್ಲಿ ಅದು ತಕ್ಕಡಿಯ ದಂಡದ ಹಾಗೆ ಸಮನಾಗಿ ನಿಲ್ಲುತ್ತದೋ ಅಲ್ಲಿ ಗುರುತು ಹಾಕಿ, ರೆಕ್ಕೆಯ ಮುಂದಿನ ಅಂಚಿನಿಂದ ಎಷ್ಟು ದೂರ ಎಂದು ಸ್ಕೇಲಿನಲ್ಲಿ ಅಳೆದು ತಿಳಿಸಿ. ರೆಕ್ಕೆಯ ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ ಎಷ್ಟು ಅಗಲ ಎಂಬುದನ್ನೂ ತಿಳಿಸಿ. ಮುರಿದ ಪ್ರೊಪೆಲ್ಲರನ್ನು ಬಿಚ್ಚಿಟ್ಟೇ ಈ ಕೆಲಸ ಮಾಡಿ.

ಎಂಜಿನಿಯರಿಂಗ್ ಎರಡನೇ ವರ್ಷ

ಫೈಟರ್‌ನಿಂದ ಶುರು ಮಾಡಿದ್ದೇ ತಪ್ಪು. ಮೊದಲು ಹೈ ವಿಂಗ್ ಟ್ರೈನರ್, ಅಂದರೆ ರೆಕ್ಕೆ ಮೇಲಿರುವ ಕಲಿಕೆಯ ವಿಮಾನ ತನ್ನಿ.

ಬಾಲ್ಸಾ ಮೇಜು

ಈ ಮಾತನ್ನು ಎಲ್ಲರೂ ಹೇಳುತ್ತಾರೆ, ಕಾರಣವನ್ನು ಯಾರೂ ಹೇಳುವುದಿಲ್ಲ. ಹೈ ವಿಂಗ್‌ನಲ್ಲಿ ರೆಕ್ಕೆ ಒಡಲಿನ ಮೇಲಿರುವುದೇ ಸಮಸ್ಥಿತಿಗೆ ಸಹಾಯ ಮಾಡುತ್ತದೆ. ಅದರ ಜೊತೆಗೆ ಎರಡೂ ರೆಕ್ಕೆಗಳನ್ನು ತುದಿಯ ಕಡೆಗೆ ತುಸು ಮೇಲೆತ್ತಿ ಕೂರಿಸಿರುತ್ತಾರೆ, ಅದನ್ನು ಡೈಹೆಡ್ರಲ್ ಎನ್ನುತ್ತೇವೆ. ವಿಮಾನ ಒಂದು ಕಡೆಗೆ ವಾಲಿ ಆ ಕಡೆಗೆ ಜಾರತೊಡಗಿದಾಗ, ಕೆಳಗಾದ ರೆಕ್ಕೆಗೆ ಗಾಳಿ ಹೆಚ್ಚು ಕೋನದಲ್ಲಿ ತಗುಲಿ ಅದನ್ನು ಮತ್ತೆ ಮೇಲಕ್ಕೆ ಒತ್ತುತ್ತದೆ. ನೀವು ರಿಮೋಟಿನ ಕಡ್ಡಿಗಳಿಂದ ಕೈ ತೆಗೆದರೆ ಟ್ರೈನರ್ ತಾನಾಗಿ ಸಮಸ್ಥಿತಿಗೆ ಬರುತ್ತದೆ. ಫೈಟರ್ ಹಾಗೆ ಬರುವುದಿಲ್ಲ, ಎಷ್ಟು ವಾಲಿಸಿದಿರೋ ಅಷ್ಟೇ ವಾಲಿಕೊಂಡಿರುತ್ತದೆ. ಕಲಿಯುವವನಿಗೆ ಯೋಚಿಸಲು ಒಂದೆರಡು ಸೆಕೆಂಡು ಬೇಕು. ಟ್ರೈನರ್ ಕೊಡುವುದು ಆ ಎರಡು ಸೆಕೆಂಡನ್ನು.

ಎಚ್‌ಎಎಲ್ ಕ್ವಾರ್ಟರ್ಸ್ ಹುಡುಗ

ಒಂದು ತಕರಾರು. ನಮ್ಮ ಊರಿನಲ್ಲೇ ವಿ. ಎಂ. ಘಾಟಗೆಯವರ ಮುಂದಾಳತ್ವದಲ್ಲಿ ವಿನ್ಯಾಸಗೊಂಡು 1951ರಲ್ಲಿ ಹಾರಿದ ಎಚ್‌ಟಿ-2 ತರಬೇತಿ ವಿಮಾನವೇ, ಆದರೂ ಅದರ ರೆಕ್ಕೆ ಕೆಳಗೇ ಇತ್ತು. ಎಷ್ಟೋ ಪೈಲಟ್‌ಗಳು ಅದರಲ್ಲೇ ಅಕ್ಷರಾಭ್ಯಾಸ ಮಾಡಿದರು. ರೆಕ್ಕೆ ಕೆಳಗಿದ್ದ ಮಾತ್ರಕ್ಕೆ ಕಲಿಯಲು ಬಾರದು ಎನ್ನುವುದನ್ನು ನಾನು ಒಪ್ಪುವುದಿಲ್ಲ.

ಹಳೇ ಪ್ರೊಪೆಲ್ಲರ್

ನಿಮ್ಮ ತಕರಾರು ಸರಿಯಾಗಿದೆ, ಆದರೆ ಎಚ್‌ಟಿ-2ರಲ್ಲಿ ಒಂದರ ಹಿಂದೆ ಒಂದು ಎರಡು ಆಸನಗಳಿದ್ದವು. ಕಲಿಯುವವನ ಜೊತೆ ಕಲಿಸುವವನೂ ಕೂತಿರುತ್ತಿದ್ದ, ಅವನ ಕೈಯಲ್ಲೂ ಒಂದು ನಿಯಂತ್ರಣ ಕಡ್ಡಿ ಇರುತ್ತಿತ್ತು. ನಮ್ಮ ಮಾಡೆಲ್‌ಗಳಲ್ಲಿ ಆ ಎರಡನೇ ಆಸನ ಇಲ್ಲ. ರೆಕ್ಕೆ ಎಲ್ಲಿದೆ ಎಂಬುದಕ್ಕಿಂತ, ಕಲಿಯುವಾಗ ಪಕ್ಕದಲ್ಲಿ ಯಾರಿದ್ದಾರೆ ಎಂಬುದು ದೊಡ್ಡ ಪ್ರಶ್ನೆ. ಈ ಹವ್ಯಾಸದಲ್ಲಿ ನಾನು ಕಂಡ ಹೆಚ್ಚಿನ ಪುಡಿಪುಡಿ ವಿಮಾನಗಳು ಒಂಟಿಯಾಗಿ ಕಲಿಯಲು ಹೊರಟವರವು.

ಹೈ ವಿಂಗ್‌ಗೂ ನಮ್ಮೂರಿನ ಉದಾಹರಣೆ ಇದೆ. ಎಚ್‌ಎಎಲ್‌ನ ಪುಷ್ಪಕ್ 1958ರಲ್ಲಿ ಮೊದಲು ಹಾರಿತು. ಬಟ್ಟೆ ಹೊದಿಸಿದ, ಮೇಲ್ರೆಕ್ಕೆಯ ಆ ಪುಟ್ಟ ವಿಮಾನ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಬಹುಕಾಲ ಬಳಕೆಯಲ್ಲಿತ್ತು.

ಬಾಲ್ಸಾ ಮೇಜು

ಪುಷ್ಪಕ್‌ನ ಆಕಾರದಲ್ಲೇ ಒಂದು ಟ್ರೈನರ್ ಮಾಡಿದರೆ ಎಷ್ಟು ಚೆನ್ನಾಗಿರುತ್ತದೆ. ಆ ಉದ್ದ ನೇರ ರೆಕ್ಕೆ, ಚೌಕದ ಕ್ಯಾಬಿನ್ನು, ಎಲ್ಲವೂ ಕಲಿಯುವವರಿಗೆ ಹೇಳಿ ಮಾಡಿಸಿದಂತಿದೆ.

ಆರ್‌ಆರ್‌ನಗರದ ಅಪ್ಪ

ಅಳತೆ ತೆಗೆದೆವು. ಮಗಳು ತಲೆಕೆಳಗಾಗಿ ಹಿಡಿದಳು, ನಾನು ಸ್ಕೇಲು ಇಟ್ಟೆ. ರೆಕ್ಕೆಯ ಅಗಲ 150 ಮಿ.ಮೀ., ಸಮತೋಲ ಸಿಕ್ಕಿದ ಜಾಗ ಮುಂದಿನ ಅಂಚಿನಿಂದ 60 ಮಿ.ಮೀ. ಹಿಂದಿನ ಮಾಲೀಕರಿಗೆ ಫೋನ್ ಮಾಡಿ ಕೇಳಿದಾಗ, ಅವರು 1300 ಎಂಎಎಚ್ ಬ್ಯಾಟರಿಯನ್ನು ಮೂಗಿನ ತುದಿಗೆ ತಳ್ಳಿ ಇಡುತ್ತಿದ್ದರೆಂದು ತಿಳಿಯಿತು. ನಾನು ಇಟ್ಟದ್ದು ಅದಕ್ಕಿಂತ ಹಗುರವಾದ 850 ಎಂಎಎಚ್ ಬ್ಯಾಟರಿ, ಅದೂ ವೆಲ್ಕ್ರೊ ಇರುವ ಕಡೆ ಅಂದರೆ ಬಹಳ ಹಿಂದೆ.

ಹಳೇ ಪ್ರೊಪೆಲ್ಲರ್

ಕಳ್ಳ ಸಿಕ್ಕಿದ. ಸಾಮಾನ್ಯವಾಗಿ ಗುರುತ್ವಕೇಂದ್ರ, ಅಂದರೆ ಸಮತೋಲ ಸಿಗುವ ಜಾಗ, ಮುಂದಿನ ಅಂಚಿನಿಂದ ರೆಕ್ಕೆಯ ಅಗಲದ ಶೇಕಡ 25ರಿಂದ 30ರ ನಡುವೆ ಇರಬೇಕು. ನಿಮ್ಮ ರೆಕ್ಕೆಗೆ ಅದು 38ರಿಂದ 45 ಮಿ.ಮೀ. ಆಗುತ್ತದೆ. ನಿಮ್ಮದು ಶೇಕಡ 40ಕ್ಕೆ ಹೋಗಿದೆ. ಬಾಲ ಭಾರವಾದ ವಿಮಾನ ತಾನೇ ಮೂಗೆತ್ತುತ್ತದೆ, ಮೂಗೆತ್ತಿದಷ್ಟೂ ವೇಗ ಇಳಿಯುತ್ತದೆ, ವೇಗ ಇಳಿದಾಗ ರೆಕ್ಕೆಯ ಮೇಲಿನ ಗಾಳಿ ಅದಕ್ಕೆ ಅಂಟಿಕೊಂಡು ಹರಿಯದೆ ಚದುರಿಹೋಗುತ್ತದೆ. ಇದೇ ಸ್ಟಾಲ್. ಎರಡು ರೆಕ್ಕೆಗಳಲ್ಲಿ ಒಂದು ಮೊದಲು ಸೋಲುತ್ತದೆ, ಸೋತ ಕಡೆಗೆ ವಿಮಾನ ಗಿರಕಿ ಹೊಡೆಯುತ್ತದೆ. ಆ ಎತ್ತರದಲ್ಲಿ ಅನುಭವಿಯೂ ಅದನ್ನು ಉಳಿಸಲಾರ. ನಿಮ್ಮ ಮಗಳಿಗೆ ಹೇಳಿ, ಅವಳು ಎಸೆದದ್ದರಲ್ಲೂ ತಪ್ಪಿಲ್ಲ, ನೀವು ಹಿಡಿದದ್ದರಲ್ಲೂ ತಪ್ಪಿಲ್ಲ.

ಆರ್‌ಆರ್‌ನಗರದ ಅಪ್ಪ

ಇದನ್ನು ಓದಿ ಹೇಳಿದೆ ಸರ್. "ಹಾಗಾದರೆ ಬ್ಯಾಟರಿ ಮುಂದೆ ಇಟ್ಟು ಈ ಭಾನುವಾರವೇ ಹಾರಿಸೋಣ" ಎನ್ನುತ್ತಿದ್ದಾಳೆ.

ಥರ್ಮೋಕೋಲ್ ಟೀಚರ್

ಬೇಡ, ದಯವಿಟ್ಟು ಈ ಭಾನುವಾರ ಬೇಡ. ಫೈಟರನ್ನು ರಿಪೇರಿ ಮಾಡಿ ಅಟ್ಟದ ಮೇಲಿಡಿ, ಆರು ತಿಂಗಳ ನಂತರ ಅದಕ್ಕೆ ಕಾಲ ಬರುತ್ತದೆ. ಈಗ ಇಬ್ಬರೂ ಕೂತು ಒಂದು ಟ್ರೈನರ್ ಕಟ್ಟಿ.

ನಾನು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಮಕ್ಕಳ ಜೊತೆ ಕೂತು ಫೋಮ್ ವಿಮಾನಗಳನ್ನು ಮಾಡಿಸಿದ್ದೇನೆ. ಕಟ್ಟಿದವರಿಗೆ ಬಿದ್ದದ್ದನ್ನು ಅಂಟಿಸುವುದು ಗೊತ್ತಿರುತ್ತದೆ, ಆದ್ದರಿಂದ ಬೀಳಿಸಲು ಹೆದರುವುದಿಲ್ಲ, ಹೆದರದವರು ಬೇಗ ಕಲಿಯುತ್ತಾರೆ. ಕಾಗದ ಹೊದಿಸಿದ 5 ಮಿ.ಮೀ. ಫೋಮ್ ಹಾಳೆಯಾದರೆ ಕೆಲಸ ಸುಲಭ. ಮೇಲಿನ ಕಾಗದವನ್ನೂ ಒಳಗಿನ ಫೋಮನ್ನೂ ಕಟರ್‌ನಲ್ಲಿ ಕೊಯ್ದು, ಕೆಳಗಿನ ಕಾಗದವನ್ನು ಮಾತ್ರ ಉಳಿಸಿದರೆ ಅದೇ ಕೀಲಾಗುತ್ತದೆ, ಬೇರೆ ಹಿಂಜ್ ಬೇಡ. ಬ್ಲೇಡ್ ಒಂದಿಷ್ಟು ಮೊಂಡಾದರೂ ಫೋಮ್ ಕೊಯ್ಯದೆ ಹರಿದು ಕಾಳುಕಾಳಾಗಿ ಎದ್ದು ಬರುತ್ತದೆ, ಆದ್ದರಿಂದ ಹತ್ತು ಗೀರಿಗೊಮ್ಮೆ ಬ್ಲೇಡಿನ ತುದಿ ಮುರಿದು ಹೊಸದು ಮಾಡಿಕೊಳ್ಳಿ. ರೆಕ್ಕೆಯ ಒಳಗೆ ಬಿದಿರಿನ ಕಡ್ಡಿ ಕೂರಿಸಿ, ಮಡಿಚಿ, ಹಾಟ್ ಗ್ಲೂ ಹಾಕಿ ಒತ್ತಿ ಹಿಡಿದರೆ ಒಂದು ಸಂಜೆಗೆ ಒಂದು ರೆಕ್ಕೆ. ಫ್ಲೈಟ್ ಟೆಸ್ಟ್ ಎಂಬ ಯೂಟ್ಯೂಬ್ ತಂಡದವರು ಇಂಥ ವಿಮಾನಗಳ ನಕ್ಷೆಗಳನ್ನು ಉಚಿತವಾಗಿ ಕೊಟ್ಟಿದ್ದಾರೆ, ಪ್ರಿಂಟ್ ತೆಗೆದು ಹಾಳೆಗೆ ಅಂಟಿಸಿ ಕೊಯ್ದರಾಯಿತು.

ಬೆಸುಗೆಕಡ್ಡಿ

ಟೀಚರ್ ಹೇಳಿದ್ದಕ್ಕೆ ಎರಡು ಎಚ್ಚರಿಕೆಗಳನ್ನು ಸೇರಿಸುತ್ತೇನೆ. ಸ್ಟೇಷನರಿ ಅಂಗಡಿಯಲ್ಲಿ ಫೋಮ್ ಬೋರ್ಡ್ ಕೇಳಿದರೆ ಹಲವರು ಸನ್‌ಬೋರ್ಡ್ ಕೊಡುತ್ತಾರೆ. ಅದು ಜಾಹೀರಾತು ಫಲಕಗಳಿಗೆ ಬಳಸುವ ಪಿವಿಸಿ ಹಾಳೆ, ನೋಡಲು ಒಂದೇ ರೀತಿ ಇದ್ದರೂ ತೂಕ ಬಹಳ ಜಾಸ್ತಿ. ನಾನು ಮೊದಲ ವಿಮಾನವನ್ನು ಪೂರ್ತಿ ಅದರಲ್ಲೇ ಮಾಡಿದ್ದೆ, ಅದು ನೆಲ ಬಿಟ್ಟು ಏಳಲೇ ಇಲ್ಲ. ಡೆಪ್ರಾನ್ ಅಥವಾ ಬಯೋಫೋಮ್ ಎಂದು ಕೇಳಿ ತನ್ನಿ, ತರುವ ಮುನ್ನ ಹಾಳೆಯನ್ನು ಕೈಯಲ್ಲಿ ಎತ್ತಿ ನೋಡಿ. ಇನ್ನು ಥರ್ಮೋಕೋಲ್‌ಗೆ ಫೆವಿಕ್ವಿಕ್ ಮಾತ್ರ ಮುಟ್ಟಿಸಬೇಡಿ. ಅದು ಅಂಟಿಸುವುದಿಲ್ಲ, ಫೋಮನ್ನೇ ಕರಗಿಸಿ ಗುಳಿ ಮಾಡುತ್ತದೆ. ಬಿಳಿ ಫೆವಿಕಾಲ್ ಒಣಗಲು ತಡವಾದರೂ ಕರಗಿಸುವುದಿಲ್ಲ.

ಎಲೆಕ್ಟ್ರಾನಿಕ್ಸ್ ವಿಷಯಕ್ಕೆ ಬಂದರೆ, ಸುಮಾರು 700 ಗ್ರಾಂ ಟ್ರೈನರ್‌ಗೆ 2212 ಅಳತೆಯ 1000 ಕೆವಿ (ಪ್ರತಿ ವೋಲ್ಟ್‌ಗೆ ನಿಮಿಷಕ್ಕೆ 1000 ಸುತ್ತು) ಬ್ರಶ್‌ಲೆಸ್ ಮೋಟರ್, ಮೋಟರಿನ ವೇಗ ನಿಯಂತ್ರಿಸುವ 30 ಆಂಪಿಯರ್ ಇಎಸ್‌ಸಿ, 10 ಇಂಚಿನ ಪ್ರೊಪೆಲ್ಲರ್, ರೆಕ್ಕೆ, ಬಾಲದ ಪಟ್ಟಿಗಳನ್ನು ಅಲುಗಿಸುವ 9 ಗ್ರಾಂನ ನಾಲ್ಕು ಸರ್ವೊ, ಮೂರು ಸೆಲ್‌ನ 2200 ಎಂಎಎಚ್ ಲಿಪೊ ಬ್ಯಾಟರಿ ಸಾಕು. ವೈರು, ಕನೆಕ್ಟರ್, ಹೀಟ್ ಶ್ರಿಂಕ್ ಎಲ್ಲ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತವೆ. ಹಣ ಉಳಿಸಲು ಹೋಗಿ ಚಾರ್ಜರ್‌ನಲ್ಲಿ ರಾಜಿ ಮಾಡಿಕೊಳ್ಳಬೇಡಿ, ಪ್ರತಿ ಸೆಲ್ಲನ್ನೂ ಬೇರೆಬೇರೆಯಾಗಿ ಸಮ ಮಾಡುವ ಬ್ಯಾಲೆನ್ಸ್ ಚಾರ್ಜರ್ ಬೇಕೇ ಬೇಕು.

ಎಂಜಿನಿಯರಿಂಗ್ ಎರಡನೇ ವರ್ಷ

10 ಇಂಚಿನ ಪ್ರೊಪೆಲ್ಲರ್ ಯಾವುದು ಸರ್? 10x4.5 ಅಂದುಕೊಂಡೆ. ಇದೇ ಮೋಟರ್‌ನಲ್ಲಿ 800 ಗ್ರಾಂ ಎಳೆತ ಬರುತ್ತದೆ ಎಂದು ಪಟ್ಟಿಗಳಲ್ಲಿ ಇದೆ, ನಮ್ಮ ಹಾಸ್ಟೆಲಿನಲ್ಲಿ ತಕ್ಕಡಿಗೆ ಕಟ್ಟಿ ನೋಡಿದಾಗ ಅಷ್ಟು ಬರಲಿಲ್ಲ.

ಬೆಸುಗೆಕಡ್ಡಿ

ಹೌದು, 10x4.5, ಅಂದರೆ 10 ಇಂಚು ವ್ಯಾಸ, 4.5 ಇಂಚು ಪಿಚ್. ಎಳೆತ ಕಡಿಮೆ ಬಂದದ್ದಕ್ಕೆ ಒಂದು ಕಾರಣ ನೀವಿರುವ ಊರು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಸಾಂದ್ರತೆ ಮಂಗಳೂರಿಗಿಂತ ಶೇಕಡ 8ರಷ್ಟು ಕಡಿಮೆ. ಪ್ರೊಪೆಲ್ಲರ್‌ನ ಎಳೆತ ಸುಮಾರು ಅಷ್ಟೇ ಪ್ರಮಾಣದಲ್ಲಿ ತಗ್ಗುತ್ತದೆ, ಸ್ಟಾಲ್ ಆಗುವ ವೇಗ ಶೇಕಡ 4ರಷ್ಟು ಏರುತ್ತದೆ. ಬೇಸಿಗೆಯ ಮಧ್ಯಾಹ್ನದ ಬಿಸಿಲಿನಲ್ಲಿ ಗಾಳಿ ಇನ್ನಷ್ಟು ತೆಳುವಾಗುತ್ತದೆ. ಆದ್ದರಿಂದ ಇಲ್ಲಿ ಕಟ್ಟುವವರು ತೂಕದಲ್ಲಿ ಒಂದು ಹಿಡಿ ಹೆಚ್ಚೇ ಜಿಪುಣತನ ತೋರಿಸಬೇಕು.

ಬಾಲ್ಸಾ ಮೇಜು

ಫೋಮ್ ಒಳ್ಳೆಯದೇ, ಆದರೆ ಬಾಲ್ಸಾ ಮರದ ಪಕ್ಕೆಲುಬುಗಳನ್ನು ಒಂದೊಂದಾಗಿ ಕೊಯ್ದು, ನಕ್ಷೆಯ ಮೇಲೆ ಗುಂಡುಪಿನ್ನು ಚುಚ್ಚಿ ಕಟ್ಟಿದ ರೆಕ್ಕೆಗೆ ಅದು ಸಮನಲ್ಲ. ಆ ರೆಕ್ಕೆಯನ್ನು ಬಿಸಿಲಿಗೆ ಹಿಡಿದಾಗ ಹೊದಿಕೆಯ ಒಳಗಿಂದ ಪಕ್ಕೆಲುಬುಗಳ ನೆರಳು ಕಾಣುತ್ತದಲ್ಲ, ಅದನ್ನು ನೋಡಿದ ಮಗು ರೆಕ್ಕೆ ಎಂದರೇನು ಎಂಬುದನ್ನು ಮರೆಯುವುದಿಲ್ಲ.

ಥರ್ಮೋಕೋಲ್ ಟೀಚರ್

ಮೂರು ತಿಂಗಳು ಕಟ್ಟಿದ ಬಾಲ್ಸಾ ವಿಮಾನ ಮೊದಲ ದಿನವೇ ಪುಡಿಯಾದರೆ ಆ ಮಗು ಮತ್ತೆ ಮೈದಾನಕ್ಕೆ ಬರುವುದಿಲ್ಲ ಸರ್. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎರಡನೆಯದೋ ಮೂರನೆಯದೋ ವಿಮಾನಕ್ಕೆ ಬಾಲ್ಸಾ ಇರಲಿ.

ಬಾಲ್ಸಾ ಮೇಜು

ಅದು ನಿಜ. ಒಪ್ಪಿದೆ.

ಎನ್‌ಸಿಸಿ ಹಳಬ

ಇವರ ಮಾತಿಗೆ ಒಂದು ನೆನಪು. ನಾನು ಎನ್‌ಸಿಸಿ ವಾಯುದಳದ ವಿಭಾಗದಲ್ಲಿದ್ದಾಗ ಏರೋಮಾಡೆಲಿಂಗ್ ಕಲಿತೆ. ಆಗ ಮೊದಲು ಕೈಗೆ ಕೊಟ್ಟದ್ದು ರೇಡಿಯೊ ಅಲ್ಲ, ಕಂಟ್ರೋಲ್ ಲೈನ್. ಎರಡು ತೆಳ್ಳನೆಯ ಉಕ್ಕಿನ ತಂತಿಗಳ ತುದಿಯಲ್ಲಿ ವಿಮಾನ, ಈ ತುದಿಯಲ್ಲಿ ನಾವು, ಸುತ್ತ ಸುತ್ತ ತಿರುಗುತ್ತಾ ಅದನ್ನು ಏರಿಸಿ ಇಳಿಸುವುದು. ಮೆಥನಾಲ್ ಮತ್ತು ಹರಳೆಣ್ಣೆ ಬೆರೆಸಿದ ಇಂಧನ, ಗ್ಲೋ ಎಂಜಿನ್ನಿನ ಕಿರುಚು, ಅಂಗಿಯ ತೋಳಿಗೆಲ್ಲ ಜಿಡ್ಡು. ಬಾಲ್ಸಾ ವಿಮಾನಗಳನ್ನು ನಾವು ಮುರಿದದ್ದಕ್ಕೆ ಲೆಕ್ಕವಿಲ್ಲ, ಆದರೆ ನಮ್ಮ ಬೋಧಕರು ಪಕ್ಕದಲ್ಲೇ ನಿಂತು ಕೈ ಹಿಡಿದು ಮಣಿಕಟ್ಟಿನ ಚಲನೆ ಕಲಿಸಿದರು. ನಿಮ್ಮ ಮಗಳ ಶಾಲೆಯಲ್ಲೋ ಮುಂದೆ ಕಾಲೇಜಿನಲ್ಲೋ ಎನ್‌ಸಿಸಿ ವಾಯುದಳದ ಘಟಕ ಇದ್ದರೆ ಖಂಡಿತ ಸೇರಿಸಿ.

ನಿಯಮ ಓದುವವ

ಯಾರೂ ಇನ್ನೂ ಸ್ಥಳ ಮತ್ತು ಕಾನೂನಿನ ಪ್ರಶ್ನೆಗೆ ಉತ್ತರಿಸಿಲ್ಲವಾದ್ದರಿಂದ ನಾನು ಬರೆಯುತ್ತೇನೆ. 2021ರ ಆಗಸ್ಟ್ 25ರಂದು ಪ್ರಕಟವಾದ ಡ್ರೋನ್ ನಿಯಮಗಳು ನಮ್ಮ ಮಾಡೆಲ್ ವಿಮಾನಗಳಿಗೂ ಅನ್ವಯಿಸುತ್ತವೆ. ನಾಲ್ಕು ರೋಟರ್ ಇರುವುದು ಮಾತ್ರ ಡ್ರೋನ್ ಎಂಬ ನಂಬಿಕೆ ತಪ್ಪು. ತೂಕದ ಪ್ರಕಾರ 250 ಗ್ರಾಂವರೆಗೆ ನ್ಯಾನೊ, ಅಲ್ಲಿಂದ 2 ಕೆ.ಜಿ.ವರೆಗೆ ಮೈಕ್ರೊ. ಇವೆರಡನ್ನು ವ್ಯಾಪಾರಕ್ಕಲ್ಲದೆ ಹಾರಿಸುವವರಿಗೆ ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ಆದರೆ ಪ್ರಮಾಣಪತ್ರ ಬೇಕಿಲ್ಲ ಎಂದರೆ ಎಲ್ಲಿ ಬೇಕಾದರೂ ಹಾರಿಸಬಹುದು ಎಂದರ್ಥವಲ್ಲ.

ಡಿಜಿಟಲ್ ಸ್ಕೈ ತಾಣದಲ್ಲಿ ದೇಶದ ವಾಯುಪ್ರದೇಶವನ್ನು ಹಸಿರು, ಹಳದಿ, ಕೆಂಪು ಎಂದು ಬಣ್ಣ ಹಾಕಿ ತೋರಿಸಿದ್ದಾರೆ. ಹಸಿರು ವಲಯದಲ್ಲಿ 400 ಅಡಿಯವರೆಗೆ ಅನುಮತಿ ಬೇಕಿಲ್ಲ. ವಿಮಾನ ನಿಲ್ದಾಣದ ಎಲ್ಲೆಯಿಂದ 8ರಿಂದ 12 ಕಿ.ಮೀ. ನಡುವಿನ ಹಸಿರಿನಲ್ಲಿ 200 ಅಡಿ ಮಾತ್ರ. ಹಳದಿಗೆ ವಾಯು ಸಂಚಾರ ನಿಯಂತ್ರಣದವರ ಅನುಮತಿ ಬೇಕು, ಕೆಂಪಿಗೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಈಗ ನಮ್ಮ ಊರಿನ ನಕ್ಷೆಯನ್ನು ಕಣ್ಣ ಮುಂದೆ ತಂದುಕೊಳ್ಳಿ: ಪೂರ್ವದಲ್ಲಿ ಎಚ್‌ಎಎಲ್, ಉತ್ತರದಲ್ಲಿ ಜಕ್ಕೂರು, ಅದರಾಚೆ ಯಲಹಂಕದ ವಾಯುನೆಲೆ, ಇನ್ನೂ ಆಚೆ ದೇವನಹಳ್ಳಿ. ಪ್ರತಿಯೊಂದರ ಸುತ್ತ ವೃತ್ತ ಎಳೆದರೆ ನಗರದ ಎಷ್ಟು ಭಾಗ ಉಳಿಯುತ್ತದೆ ಎಂದು ನೋಡಿ. ಹೊರಡುವ ಹಿಂದಿನ ರಾತ್ರಿ ನಕ್ಷೆ ತೆರೆದು ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ. ನಿಮ್ಮ ವಿಮಾನದ ತೂಕಕ್ಕೆ ನೋಂದಣಿಯ ವಿಷಯ ಏನೆಂಬುದನ್ನೂ ನಿಯಮದಲ್ಲೇ ಓದಿಕೊಳ್ಳಿ, ಯಾರೋ ಹೇಳಿದ್ದನ್ನು ನಂಬಬೇಡಿ, ನನ್ನನ್ನೂ ಸೇರಿಸಿ.

ಯಲಹಂಕ ವಾಸಿ

ಜಕ್ಕೂರು ಕೆರೆಯ ಏರಿ ಒಳ್ಳೆಯ ಜಾಗ, ಅಗಲವಾಗಿದೆ.

ನಿಯಮ ಓದುವವ

ಜಕ್ಕೂರು ಕೆರೆಯ ಪಕ್ಕದಲ್ಲೇ ವಿಮಾನಗಳು ಏರಿ ಇಳಿಯುವ ಜಕ್ಕೂರು ಏರೋಡ್ರೋಮ್ ಇದೆ ಸ್ವಾಮಿ. ಅಲ್ಲಿ ನಿಜವಾದ ವಿಮಾನದಲ್ಲಿ ಕಲಿಯುತ್ತಿರುವ ಹುಡುಗನೊಬ್ಬ ಕೆಳಗಿಳಿಯುತ್ತಿರುವಾಗ ನಮ್ಮ ಫೋಮ್ ವಿಮಾನ ಅವನ ಎದುರು ಬಂದರೆ ಏನಾದೀತು ಎಂದು ಯೋಚಿಸಿ. ದಯವಿಟ್ಟು ಈ ಸಲಹೆಯನ್ನು ಯಾರಿಗೂ ಕೊಡಬೇಡಿ.

ಯಲಹಂಕ ವಾಸಿ

ಸರಿ, ಅದನ್ನು ಯೋಚಿಸಿರಲಿಲ್ಲ. ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಹಾಗಾದರೆ ಹೆಸರಘಟ್ಟದ ಹುಲ್ಲುಗಾವಲು?

ಥರ್ಮೋಕೋಲ್ ಟೀಚರ್

ಅದೂ ಬೇಡ. ಯಲಹಂಕದ ವಾಯುನೆಲೆ ಅಲ್ಲಿಂದ ದೂರವಿಲ್ಲ, ಅದಲ್ಲದೆ ಆ ಹುಲ್ಲಿನಲ್ಲಿ ನೆಲದ ಮೇಲೇ ಗೂಡು ಕಟ್ಟುವ ಹಕ್ಕಿಗಳಿವೆ. ಕೆಳಗೆ ಬಿದ್ದ ವಿಮಾನ ಹುಡುಕುತ್ತಾ ನಾವು ತುಳಿದಾಡುವುದು ಅವುಗಳ ಮೊಟ್ಟೆಗಳ ಮೇಲೆ. ರಾಮನಗರದ ಕಡೆಗೆ ಹೋಗುವವರೂ ರಾಮದೇವರ ಬೆಟ್ಟದಿಂದ ದೂರವೇ ಇರಬೇಕು, ಅದು 2012ರಲ್ಲಿ ಘೋಷಣೆಯಾದ ರಣಹದ್ದುಗಳ ಧಾಮ.

ಹಳೇ ಪ್ರೊಪೆಲ್ಲರ್

ಸ್ಥಳದ ವಿಷಯದಲ್ಲಿ ನನಗೆ ನಿಜವಾಗಿಯೂ ನೋವಿದೆ. ವಿಮಾನ ಕಾರ್ಖಾನೆ 1940ರಲ್ಲಿ ಶುರುವಾದ ಊರು ಇದು. ವಿಮಾನ ಕಟ್ಟುವವರೂ, ಅದರ ಗಣಿತ ಮಾಡುವವರೂ, ಹಾರಿಸಿ ಪರೀಕ್ಷಿಸುವವರೂ ಇಲ್ಲೇ ಇದ್ದಾರೆ. ಅಂಥ ಊರಿನಲ್ಲಿ ಹನ್ನೆರಡು ವರ್ಷದ ಹುಡುಗಿ ಒಂದು ಮಾಡೆಲ್ ವಿಮಾನ ಹಾರಿಸಲು ಪಾಲಿಕೆಯ ಒಂದು ಬಯಲೂ ಇಲ್ಲ ಎಂದರೆ ಹೇಗೆ? ನಾವು ಚಿಕ್ಕವರಿದ್ದಾಗ ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳಗಳು ಇದ್ದವು. ಅವುಗಳ ಮೇಲೆ ಈಗ ಬಡಾವಣೆಗಳಿವೆ. ಕ್ರಿಕೆಟ್‌ಗೆ, ವಾಕಿಂಗ್‌ಗೆ ಜಾಗ ಗುರುತಿಸುವ ಹಾಗೆ ನಗರದ ಹೊರಗೆ ಹಸಿರು ವಲಯದಲ್ಲಿ ನಾಲ್ಕು ಎಕರೆಯನ್ನು ಬೆಳಗಿನ ಎರಡು ಗಂಟೆ ಬಿಟ್ಟುಕೊಟ್ಟರೆ ಸಾಕು.

ಸದ್ಯಕ್ಕೆ ನಾವು ಕೆಲವರು ನಗರದ ಹೊರಗೆ, ಹಸಿರು ವಲಯದಲ್ಲಿ, ರೈತರೊಬ್ಬರ ಬೀಳು ಜಮೀನಿನಲ್ಲಿ ಅವರ ಒಪ್ಪಿಗೆ ಪಡೆದು ಹಾರಿಸುತ್ತೇವೆ. ರಾಗಿ ಬಿತ್ತನೆಯ ಕಾಲದಲ್ಲಿ ಕಾಲಿಡುವುದಿಲ್ಲ. ಬೆಂಗಳೂರಿನ ಹವ್ಯಾಸಿಗಳಲ್ಲಿ ಇಂಥ ಸಣ್ಣ ಗುಂಪುಗಳು ಹಲವು ಇವೆ. ಹಾಬಿ ಅಂಗಡಿಗಳಲ್ಲಿ ವಿಚಾರಿಸಿದರೆ ಯಾವುದಾದರೂ ಒಂದರ ಸುಳಿವು ಸಿಗುತ್ತದೆ.

ಎಂಜಿನಿಯರಿಂಗ್ ಎರಡನೇ ವರ್ಷ

ಅಲ್ಲಿಯವರೆಗೆ ಸಿಮ್ಯುಲೇಟರ್ ಹಾಕಿಕೊಳ್ಳಿ. ಪಿಕಾಸಿಮ್ ಉಚಿತವಾಗಿ ಸಿಗುತ್ತದೆ, ನಿಮ್ಮ ಟ್ರಾನ್ಸ್‌ಮಿಟರನ್ನೇ ಕೇಬಲ್‌ನಿಂದ ಕಂಪ್ಯೂಟರ್‌ಗೆ ಜೋಡಿಸಿ ಅಭ್ಯಾಸ ಮಾಡಬಹುದು. ಮೊಬೈಲಿನ ಪರದೆ ಒತ್ತಿ ಆಡುವುದು ಪ್ರಯೋಜನವಿಲ್ಲ, ಬೆರಳಿಗೆ ಕಡ್ಡಿಯ ಅಭ್ಯಾಸ ಆಗಬೇಕು. ಎಲ್ಲರೂ ಎಡವುವ ಜಾಗ ಒಂದೇ: ವಿಮಾನ ನಮ್ಮಿಂದ ದೂರ ಹೋಗುವಾಗ ಬಲ ಎಂದರೆ ಬಲ, ನಮ್ಮ ಕಡೆಗೆ ತಿರುಗಿ ಬರುವಾಗ ಅದರ ಬಲ ನಮಗೆ ಎಡವಾಗಿ ಕಾಣುತ್ತದೆ. ಆಗ ಗಾಬರಿಯಲ್ಲಿ ಉಲ್ಟಾ ಒತ್ತುತ್ತೇವೆ. ನನಗೆ ಸೀನಿಯರ್ ಒಬ್ಬರು ಹೇಳಿಕೊಟ್ಟದ್ದು ಇದು: ವಿಮಾನ ಎದುರಿಗೆ ಬರುತ್ತಿರುವಾಗ ಯಾವ ರೆಕ್ಕೆ ಕೆಳಗಾಗಿ ಕಾಣುತ್ತದೋ ಕಡ್ಡಿಯನ್ನು ಆ ಕಡೆಗೆ ತಳ್ಳಿ, ಬಿದ್ದ ರೆಕ್ಕೆಗೆ ಊರುಗೋಲು ಕೊಟ್ಟ ಹಾಗೆ. ಹತ್ತು ಗಂಟೆ ಸಿಮ್ಯುಲೇಟರ್‌ನಲ್ಲಿ ಇದನ್ನೇ ಮಾಡಿದರೆ ಯೋಚಿಸದೆ ಕೈ ಹೋಗುತ್ತದೆ.

ಆರ್‌ಆರ್‌ನಗರದ ಅಪ್ಪ

ತಮ್ಮ, ನೀನು ಹೇಳಿದ ಊರುಗೋಲಿನ ಉಪಾಯ ಮಗಳಿಗೆ ಒಂದೇ ಸಂಜೆಗೆ ಬಂತು. ನನಗೆ ಇನ್ನೂ ಬಂದಿಲ್ಲ.

ಒಂದು ಪ್ರಶ್ನೆ. ಗೈರೊ ಸ್ಟೆಬಿಲೈಸರ್ ಹಾಕಿದರೆ ವಿಮಾನ ತಾನೇ ಸಮ ನಿಲ್ಲುತ್ತದೆ ಎನ್ನುತ್ತಾರಲ್ಲ, ಅದನ್ನು ಹಾಕಿಸಬಹುದೇ?

ಬಾಲ್ಸಾ ಮೇಜು

ಬೇಡ. ಗೈರೊ ಹಾಕಿ ಕಲಿತವನಿಗೆ ಗೈರೊ ಕೆಟ್ಟ ದಿನ ಏನೂ ಬರುವುದಿಲ್ಲ.

ಬೆಸುಗೆಕಡ್ಡಿ

ನಾನು ಇದನ್ನು ಒಪ್ಪುವುದಿಲ್ಲ. ಆಷಾಢದ ಗಾಳಿಯಲ್ಲಿ ಹಗುರ ವಿಮಾನ ಹುಚ್ಚಾಟ ಆಡುತ್ತದೆ, ಹೊಸಬರು ಧೈರ್ಯ ಕಳೆದುಕೊಳ್ಳುತ್ತಾರೆ. ಗೈರೊವನ್ನು ಒಂದು ಸ್ವಿಚ್‌ಗೆ ಜೋಡಿಸಿ, ಮೇಲೆ ಎತ್ತರದಲ್ಲಿದ್ದಾಗ ಆಫ್ ಮಾಡಿ ಕಲಿಯಲಿ, ತಬ್ಬಿಬ್ಬಾದರೆ ಆನ್ ಮಾಡಲಿ. ಆದರೆ ಕೂರಿಸುವಾಗ ದಿಕ್ಕು ಉಲ್ಟಾ ಆದರೆ ಅದೇ ವಿಮಾನವನ್ನು ಬೀಳಿಸುತ್ತದೆ. ವಿಮಾನವನ್ನು ಕೈಯಲ್ಲಿ ಹಿಡಿದು ಬಲಕ್ಕೆ ವಾಲಿಸಿದಾಗ ಬಲರೆಕ್ಕೆಯ ಏಲೆರಾನ್ (ಹಿಂದಿನ ಅಂಚಿನ ಅಲುಗುವ ಪಟ್ಟಿ) ಕೆಳಗಿಳಿಯಬೇಕು, ಅದನ್ನು ನೋಡದೆ ಹಾರಿಸಬೇಡಿ.

ಹಳೇ ಪ್ರೊಪೆಲ್ಲರ್

ಗೈರೊಗಿಂತ ಮೊದಲು ಬಡ್ಡಿ (ಇಂಗ್ಲಿಷಿನಲ್ಲಿ ಜೊತೆಗಾರ) ಕೇಬಲ್ ಎಂಬುದೊಂದಿದೆ. ಎರಡು ಟ್ರಾನ್ಸ್‌ಮಿಟರ್‌ಗಳನ್ನು ಒಂದು ಕೇಬಲ್‌ನಿಂದ ಜೋಡಿಸುತ್ತೇವೆ. ಕಲಿಸುವವನು ಸ್ವಿಚ್ ಒತ್ತಿ ಹಿಡಿದಿರುವಷ್ಟು ಹೊತ್ತು ವಿಮಾನ ಕಲಿಯುವವನ ಕೈಯಲ್ಲಿ, ಬಿಟ್ಟ ಕ್ಷಣ ಕಲಿಸುವವನ ಕೈಯಲ್ಲಿ. ಎಚ್‌ಟಿ-2ರ ಎರಡನೇ ಆಸನ ಎಂದೆನಲ್ಲ, ನಮಗೆ ಅದು ಇದೇ. ನಿಮ್ಮದು ಫ್ಲೈಸ್ಕೈ ಐ6 ಆಗಿದ್ದರೆ ನನ್ನ ಹತ್ತಿರ ಕೇಬಲ್ ಇದೆ. ಟ್ರೈನರ್ ಕಟ್ಟಿ ಮುಗಿಸಿ, ಮಗಳನ್ನು ಕರೆದುಕೊಂಡು ಬನ್ನಿ.

ಬೆಸುಗೆಕಡ್ಡಿ

ಹೋಗುವ ಮುನ್ನ ಬ್ಯಾಟರಿ ವಿಷಯವನ್ನು ದಯವಿಟ್ಟು ಪೂರ್ತಿ ಓದಿ. ಲಿಪೊ ಸೆಲ್ ತುಂಬಿದಾಗ 4.2 ವೋಲ್ಟ್, ಸುಮ್ಮನೆ ಇಡುವಾಗ 3.8 ವೋಲ್ಟ್, ಹಾರಿಸಿ ಬಂದ ಮೇಲೆ 3.5ಕ್ಕಿಂತ ಕೆಳಗೆ ಹೋಗಿರಬಾರದು. 2200 ಎಂಎಎಚ್ ಬ್ಯಾಟರಿಯನ್ನು 2.2 ಆಂಪಿಯರ್‌ನಲ್ಲಿ ಚಾರ್ಜ್ ಮಾಡಿ, ಆತುರಕ್ಕೆ ಹೆಚ್ಚಿಸಬೇಡಿ. ನಾನು ಒಮ್ಮೆ ಉಬ್ಬಿದ ಬ್ಯಾಟರಿಯನ್ನು ಇನ್ನೊಂದು ಸಲ ಬಳಸೋಣ ಎಂದು ಚಾರ್ಜ್‌ಗೆ ಹಾಕಿ ಕಾಫಿ ಕುಡಿಯಲು ಅಡುಗೆಮನೆಗೆ ಹೋಗಿದ್ದೆ. ಹಿಸ್ ಎಂಬ ಸದ್ದು ಕೇಳಿ ಓಡಿ ಬರುವಷ್ಟರಲ್ಲಿ ಕೋಣೆಯ ತುಂಬ ಬಿಳಿ ಹೊಗೆ, ಮೇಜಿನ ಮೇಲೆ ಬೆಂಕಿ. ಮೇಜು ಸುಟ್ಟಿತು, ಪರದೆ ಸುಟ್ಟಿತು, ಅಮ್ಮ ಪಕ್ಕದ ಕೋಣೆಯಲ್ಲಿ ಮಲಗಿದ್ದರು. ಅಂದಿನಿಂದ ನಾನು ಮರಳು ತುಂಬಿದ ಮಣ್ಣಿನ ಕುಂಡದ ಒಳಗಿಟ್ಟು, ಬಾಲ್ಕನಿಯಲ್ಲಿ, ಕಣ್ಣೆದುರಿಗೇ ಚಾರ್ಜ್ ಮಾಡುತ್ತೇನೆ. ಉಬ್ಬಿದ್ದು ನೇರ ಇ-ತ್ಯಾಜ್ಯಕ್ಕೆ.

ಮನೆಯಲ್ಲಿ ಸೆಟ್ಟಿಂಗ್ ಮಾಡುವಾಗ ಪ್ರೊಪೆಲ್ಲರ್ ಬಿಚ್ಚಿರಲಿ. ಟ್ರಾನ್ಸ್‌ಮಿಟರ್ ಮೊದಲು ಆನ್, ವಿಮಾನದ ಬ್ಯಾಟರಿ ಆಮೇಲೆ. ಮುಗಿಸುವಾಗ ವಿಮಾನದ ಬ್ಯಾಟರಿ ಮೊದಲು ತೆಗೆಯಬೇಕು. ಟ್ರಾನ್ಸ್‌ಮಿಟರ್ ಆಫ್ ಮಾಡಿದರೆ ಮೋಟರ್ ನಿಲ್ಲುತ್ತದೆಯೇ ಎಂಬುದನ್ನು ಪ್ರೊಪೆಲ್ಲರ್ ಇಲ್ಲದೆ ಪರೀಕ್ಷಿಸಿ, ಇದನ್ನೇ ಫೇಲ್‌ಸೇಫ್ ಎನ್ನುತ್ತಾರೆ.

ಎಚ್‌ಎಎಲ್ ಕ್ವಾರ್ಟರ್ಸ್ ಹುಡುಗ

ಹದ್ದುಗಳ ಬಗ್ಗೆಯೂ ಯಾರಾದರೂ ಹೇಳಬೇಕು. ಒಂಬತ್ತು ಗಂಟೆ ದಾಟಿದ ಮೇಲೆ ನೆಲ ಕಾದು ಬಿಸಿಗಾಳಿ ಏಳುತ್ತದೆ, ಹದ್ದುಗಳು ಅದರಲ್ಲಿ ರೆಕ್ಕೆ ಬಡಿಯದೆ ಸುತ್ತುತ್ತವೆ. ಒಂದೊಂದು ಸಲ ನಮ್ಮ ವಿಮಾನವನ್ನು ಎದುರಾಳಿ ಎಂದುಕೊಂಡು ಮೇಲೆ ಎರಗುತ್ತವೆ. ಆಗ ಬೇಗ ಕೆಳಗಿಳಿಸಿಬಿಡಿ, ಅದಕ್ಕೆ ಪ್ರೊಪೆಲ್ಲರ್ ತಗುಲಬಾರದು.

ಆರ್‌ಆರ್‌ನಗರದ ಅಪ್ಪ

ಐದು ವಾರಗಳ ನಂತರ ಬರೆಯುತ್ತಿದ್ದೇನೆ. ಟ್ರೈನರ್ ಮುಗಿಯಿತು, 690 ಗ್ರಾಂ ತೂಗಿತು. ರೆಕ್ಕೆಯ ಅಗಲ 200 ಮಿ.ಮೀ., ಗುರುತ್ವಕೇಂದ್ರ 55 ಮಿ.ಮೀ., ಮಗಳೇ ಮೂರು ಸಲ ಅಳೆದಳು. ನಿನ್ನೆ ಬೆಳಗ್ಗೆ ಆರೂವರೆಗೆ ಹಳೇ ಪ್ರೊಪೆಲ್ಲರ್ ಸರ್ ಅವರ ಜಾಗಕ್ಕೆ ಹೋದೆವು. ಹುಲ್ಲಿನ ಮೇಲೆ ಇಬ್ಬನಿ ಇತ್ತು, ಎಲೆ ಅಲುಗುತ್ತಿರಲಿಲ್ಲ. ಅವರು ಏರಿಸಿ, ಎರಡು ಸುತ್ತು ಹಾಕಿ, ಕೈಬಿಟ್ಟರೂ ನೇರ ಹಾರುವಂತೆ ಟ್ರಿಮ್ ಮಾಡಿ, "ತಗೋ ಪುಟ್ಟಿ" ಎಂದು ಸ್ವಿಚ್ ಒತ್ತಿದರು. ನಾನು ಅವಳ ಹೆಬ್ಬೆರಳನ್ನೇ ನೋಡುತ್ತಿದ್ದೆ. ಮೊದಲು ಕಡ್ಡಿಯನ್ನು ಬಿಗಿಯಾಗಿ ಹಿಡಿದು ಉಗುರು ಬೆಳ್ಳಗಾಗಿತ್ತು, ಎರಡನೇ ತಿರುವಿನ ಹೊತ್ತಿಗೆ ಸಡಿಲವಾಯಿತು. ಮೂರನೇ ತಿರುವಿನಲ್ಲಿ ಮೂಗು ಬಹಳ ತಗ್ಗಿತು, ಸರ್ ಸ್ವಿಚ್ ಬಿಟ್ಟು ಸರಿಪಡಿಸಿ, ಏನನ್ನೂ ಹೇಳದೆ ಮತ್ತೆ ಒತ್ತಿದರು. ಒಟ್ಟು ಹನ್ನೊಂದು ನಿಮಿಷ ಹಾರಿತು, ಅದರಲ್ಲಿ ಏಳು ಅವಳದು. ಇಳಿಸಿದ್ದು ಸರ್. ಬ್ಯಾಟರಿ ತೆಗೆದು ನೋಡಿದಾಗ ಪ್ರತಿ ಸೆಲ್ 3.7 ಇತ್ತು.

ಇಳಿಯುವಾಗ ಚಕ್ರದ ತಂತಿ ಹಿಂದಕ್ಕೆ ಬಾಗಿ ಫೋಮ್ ಹರಿದಿದೆ. 2 ಮಿ.ಮೀ. ತಂತಿಯ ಬದಲು 3 ಮಿ.ಮೀ. ಹಾಕಬಹುದೇ?

ಥರ್ಮೋಕೋಲ್ ಟೀಚರ್

ಏಳು ನಿಮಿಷ! ಪುಟ್ಟಿಗೆ ನನ್ನ ಅಭಿನಂದನೆ ತಿಳಿಸಿ.

ತಂತಿ ದಪ್ಪ ಮಾಡಬೇಡಿ, ತಂತಿ ಬಾಗದಿದ್ದರೆ ಪೆಟ್ಟೆಲ್ಲ ಫೋಮ್‌ಗೆ ಬಂದು ಹರಿದ ಜಾಗ ಇನ್ನೂ ದೊಡ್ಡದಾಗುತ್ತದೆ. 2 ಮಿ.ಮೀ. ಇರಲಿ. ಅದನ್ನು ಕೂರಿಸುವ ಜಾಗಕ್ಕೆ ಒಂದು ಐಸ್‌ಕ್ರೀಂ ಕಡ್ಡಿಯನ್ನು ಅಡ್ಡ ಅಂಟಿಸಿ, ತಂತಿಯನ್ನು ಅದಕ್ಕೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿ.

ಹಳೇ ಪ್ರೊಪೆಲ್ಲರ್

ಟೀಚರ್ ಹೇಳಿದಂತೆ ಮಾಡಿ. ಬರುವ ಭಾನುವಾರವೂ ಆರೂವರೆಗೆ ಬನ್ನಿ, ಎರಡು ಬ್ಯಾಟರಿ ತುಂಬಿಸಿ ತನ್ನಿ. ಕೇಬಲ್‌ನ ಆ ತುದಿಯಲ್ಲಿ ಈ ಸಲ ನೀವು ನಿಲ್ಲಬೇಕು.